ಡೆಲ್ಕೋ ಎಷ್ಟು ತಿರುಗಿಸಿದರೂ ಟೈಮಿಂಗ್ ಸರಿಹೋಗುತ್ತಿಲ್ಲ, ಯಾಕೆ?

ಪ್ರಶ್ನೆ: ನನ್ನದು ಹಳೇ ಜಿಪ್ಸಿ ಕಿಂಗ್, 1298 ಸಿಸಿ ಕಾರ್ಬುರೇಟರ್ ಎಂಜಿನ್. ಹೆಡ್ ಫೇಸಿಂಗ್ ಮಾಡಿಸಿ (ಹೆಡ್ಡಿನ ತಳ ಸ್ವಲ್ಪ ಕೆತ್ತಿಸಿ), ವಾಲ್ವ್ ತೆರೆಯುವ ಕ್ಯಾಮ್ ಬದಲಿಸಿ, ದೊಡ್ಡ ಕಾರ್ಬುರೇಟರ್ ಹಾಕಿಸಿದ್ದೇನೆ. ಈಗ ಎಂಜಿನ್ ಬಿಸಿ ಇದ್ದಾಗ ಸೆಲ್ಫ್ ಹೊಡೆದರೆ ವಾಪಸ್ ಒದೆಯುತ್ತದೆ. ಶಿರಾಡಿ ಘಾಟಿ ಹತ್ತುವಾಗ ಟಕಟಕ ಸದ್ದು ಬರುತ್ತದೆ. ಟೈಮಿಂಗ್ ಹಿಂದಕ್ಕೆ ತಂದರೆ ಸದ್ದು ನಿಲ್ಲುತ್ತದೆ, ಆದರೆ ಪಿಕಪ್ ಹೋಗುತ್ತದೆ, ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಟೈಮಿಂಗ್ ಎಷ್ಟಕ್ಕೆ ಇಡಬೇಕು?

ಉತ್ತರ: ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಟೈಮಿಂಗ್, ಅಂದರೆ ಕಿಡಿ ಎಷ್ಟು ಮುಂಚೆ ಬೀಳುತ್ತದೆ ಅನ್ನೋದು, ಜಾಸ್ತಿ ಆಗುತ್ತಿದೆ, ಸ್ಪೀಡ್ ಏರಿದಾಗ ಸಾಲುತ್ತಿಲ್ಲ. ಡೆಲ್ಕೋ, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ತಿರುಗಿಸಿದರೆ ಎಲ್ಲ ಸ್ಪೀಡಿಗೂ ಒಂದೇ ಸಮನೆ ಮುಂದೆ ಹೋಗುತ್ತದೆ, ಇಲ್ಲವೇ ಹಿಂದೆ ಬರುತ್ತದೆ. ಅದಕ್ಕೇ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿದೆ. ಸ್ಪೀಡಿಗೆ ತಕ್ಕಂತೆ ಟೈಮಿಂಗ್ ತಾನಾಗಿ ಏರಬೇಕಲ್ವಾ, ತೊಂದರೆ ಬಹುಶಃ ಆ ಏರಿಕೆಯಲ್ಲಿದೆ.

ಪೆಟ್ರೋಲ್ ಉರಿಯುವುದಕ್ಕೆ ಒಂದಿಷ್ಟು ಸಮಯ ಬೇಕು. ಪಿಸ್ಟನ್ ಮೇಲಿನ ತುದಿ, ಅಂದರೆ ಟಿಡಿಸಿ, ದಾಟಿ ಕ್ರ್ಯಾಂಕ್ ಸುಮಾರು 15 ಡಿಗ್ರಿ ತಿರುಗಿದಾಗ ಸಿಲಿಂಡರ್ ಒಳಗಿನ ಒತ್ತಡ ಅತಿ ಹೆಚ್ಚು ಇರಬೇಕು. ಅದಕ್ಕೆ ಕಿಡಿ ಮೊದಲೇ ಬೀಳಬೇಕು. ಎಂಜಿನ್ ಜೋರಾಗಿ ತಿರುಗಿದಷ್ಟೂ ಇನ್ನೂ ಮುಂಚೆ ಬೀಳಬೇಕು. ಡೆಲ್ಕೋ ಒಳಗಿನ ಎರಡು ತೂಕದ ತುಂಡುಗಳು ಸ್ಪ್ರಿಂಗ್ ಎಳೆದುಕೊಂಡು ಹೊರಕ್ಕೆ ಸರಿದು ಈ ಕೆಲಸ ಮಾಡುತ್ತವೆ. ಕಂಪನಿ ಅವನ್ನು ಹೊಂದಿಸಿದ್ದು ಮೂಲ ಎಂಜಿನ್ನಿಗೆ. ಹೆಡ್ ಫೇಸಿಂಗ್ ಮಾಡಿದಾಗ ಕಂಪ್ರೆಷನ್ ಏರಿ, ಮಿಶ್ರಣ ಬೇಗ ಉರಿಯುತ್ತದೆ. ಅಲ್ಲಿಗೆ ಟೈಮಿಂಗ್ ಕಡಿಮೆ ಸಾಕು. ದೊಡ್ಡ ಕ್ಯಾಮ್ ಹಾಕಿದರೆ ಸ್ಲೋ ಸ್ಪೀಡಿನಲ್ಲಿ ಸಿಲಿಂಡರ್ ಸರಿಯಾಗಿ ತುಂಬುವುದಿಲ್ಲ, ಉರಿಯುವುದು ನಿಧಾನ. ಅಲ್ಲಿ ಜಾಸ್ತಿ ಬೇಕು. ಎರಡೂ ವಿರುದ್ಧ ದಿಕ್ಕಿಗೆ ಎಳೆಯುತ್ತವೆ.

ಹಾಗಂತ ಈಗಲೇ ತೂಕ, ಸ್ಪ್ರಿಂಗ್ ಬಿಚ್ಚಬೇಡಿ. ಮೊದಲು ಪುಲ್ಲಿ ಅಥವಾ ಫ್ಲೈವೀಲ್ ಮೇಲಿನ ಟೈಮಿಂಗ್ ಮಾರ್ಕು ನಿಜ ಹೇಳುತ್ತಿದೆಯಾ ಅಂತ ನೋಡಿ. ಕೈ ಬಿದ್ದ ಎಂಜಿನ್‌ಗಳಲ್ಲಿ ಬೇರೆ ಗಾಡಿಯ ಫ್ಲೈವೀಲ್, ಬೇರೆ ಪುಲ್ಲಿ ಕೂತಿರುವುದು ಹೊಸದಲ್ಲ. ಮಾರ್ಕೇ ಸುಳ್ಳಾದರೆ ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿನುಗಿ ಮಾರ್ಕು ತೋರಿಸುವ ದೀಪ) ಹಿಡಿದು ಏನು ಪ್ರಯೋಜನ?

ಇದಕ್ಕೊಂದು ಹಳೇ ಸ್ಪಾರ್ಕ್ ಪ್ಲಗ್ ಸಾಕು. ಅದರ ಪಿಂಗಾಣಿ ಒಡೆದು ತೆಗೆದು, ಖಾಲಿ ಚಿಪ್ಪಿಗೆ ತುದಿ ಗುಂಡಗಿರುವ ಒಂದು ಬೋಲ್ಟ್ ಬಿಗಿ ಮಾಡಿಸಿ. ಬ್ಯಾಟರಿ ವೈರ್ ತೆಗೆದು, ಗೇರ್ ನ್ಯೂಟ್ರಲ್‌ಗೆ ಹಾಕಿ, ನಾಲ್ಕೂ ಪ್ಲಗ್ ಬಿಚ್ಚಿ. ಪಿಸ್ಟನ್ ಕೆಳಗಿರುವಾಗ ಈ ತಡೆಯನ್ನು ಒಂದನೇ ಸಿಲಿಂಡರಿಗೆ ಹಾಕಿ. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲೇ ಮೆತ್ತಗೆ ತಿರುಗಿಸಿ. ಸೆಲ್ಫ್ ಹೊಡೆಯಲೇಬಾರದು, ಪಿಸ್ಟನ್ ತೂತಾಗುತ್ತದೆ. ಪಿಸ್ಟನ್ ಬೋಲ್ಟಿಗೆ ತಾಗಿ ನಿಂತ ಕಡೆ, ಎಂಜಿನ್ನಿನ ಮೇಲಿರುವ ಅಲ್ಲಾಡದ ಗುರುತಿನ ಎದುರಿಗೆ, ಪುಲ್ಲಿಯ ಮೇಲೆ ಒಂದು ಗೆರೆ ಎಳೆಯಿರಿ. ಈಗ ಉಲ್ಟಾ ತಿರುಗಿಸಿ, ಇನ್ನೊಂದು ಕಡೆ ತಾಗಿದಲ್ಲಿ ಎರಡನೇ ಗೆರೆ. ಎರಡು ಗೆರೆಗಳ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ. ಅಲ್ಲಿಗೆ ಬಿಳಿ ಪೇಂಟ್ ಹಚ್ಚಿ.

ಪುಲ್ಲಿಯ ವ್ಯಾಸ 140 ಮಿ.ಮೀ. ಇದ್ದರೆ ಅದರ ಸುತ್ತಳತೆ ಸುಮಾರು 440 ಮಿ.ಮೀ. ಒಂದು ಡಿಗ್ರಿಗೆ 1.22 ಮಿ.ಮೀ. ಬರುತ್ತದೆ. ಟೈಲರ್ ಟೇಪ್ ಹಿಡಿದು 10 ಡಿಗ್ರಿಗೆ 12 ಮಿ.ಮೀ., 30 ಡಿಗ್ರಿಗೆ ಸುಮಾರು 37 ಮಿ.ಮೀ. ದೂರದಲ್ಲಿ ಇನ್ನೆರಡು ಗೆರೆ ಹಾಕಿಕೊಳ್ಳಿ. ನಿಮ್ಮ ಪುಲ್ಲಿಯನ್ನು ಅಳೆದು ಇದೇ ಲೆಕ್ಕ ಮಾಡಿ. ಈ 30ರ ಗೆರೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಕ್ಯಾಮ್ ಬೆಲ್ಟ್ ಕೂಡ ನೋಡಿ. ಈ ಎಂಜಿನ್ನಿನಲ್ಲಿ ಡೆಲ್ಕೋ ತಿರುಗುವುದೇ ಕ್ಯಾಮ್ ಶಾಫ್ಟಿನಿಂದ. ಬೆಲ್ಟ್ ಒಂದು ಹಲ್ಲು ತಪ್ಪಿದರೆ ವಾಲ್ವ್ ಮತ್ತು ಕಿಡಿ ಎರಡೂ ತಪ್ಪುತ್ತವೆ. ಡೆಲ್ಕೋ ತಿರುಗಿಸಿ ಕಿಡಿ ಸರಿಮಾಡಬಹುದು, ವಾಲ್ವ್ ಹಾಗೇ ಉಳಿಯುತ್ತದೆ.

ಇನ್ನು ಟೈಮಿಂಗ್ ಲೈಟ್. ಇಲ್ಲಿ ಮಾಡಿಫೈ ಮಾಡಿದ ಗಾಡಿಗಳಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತದೆ. ದೊಡ್ಡ ಕ್ಯಾಮ್ ಇದ್ದರೆ ಎಂಜಿನ್ 800 ಆರ್‌ಪಿಎಂನಲ್ಲಿ ನಿಲ್ಲುವುದಿಲ್ಲ ಅಂತ 1200ಕ್ಕೆ ಏರಿಸಿರುತ್ತಾರೆ. ಅಷ್ಟರಲ್ಲಿ ತೂಕಗಳು ಸರಿಯಲು ಶುರುವಾಗಿರಬಹುದು. ಅವು ಆಗಲೇ 4 ಡಿಗ್ರಿ ಸೇರಿಸಿದ್ದರೆ, ನೀವು 10 ಅಂತ ಇಟ್ಟದ್ದು ನಿಜಕ್ಕೂ 6. ಆದ್ದರಿಂದ ನೋಡುವಷ್ಟು ಹೊತ್ತು ಸ್ಪೀಡ್ ಇಳಿಸಿ. ಇನ್ನೊಂದು, ಕಾರ್ಬುರೇಟರ್ ಬದಲಿಸುವಾಗ ಡೆಲ್ಕೋದ ವ್ಯಾಕ್ಯೂಮ್ ಪೈಪನ್ನು (ಎಂಜಿನ್ ಎಳೆತದಿಂದ ಟೈಮಿಂಗ್ ಮುಂದೆ ತರುವ ಪೈಪ್) ಸುಮ್ನೆ ಮ್ಯಾನಿಫೋಲ್ಡಿಗೆ ಸಿಕ್ಕಿಸಿರುತ್ತಾರೆ. ಆಗ ಐಡಲ್‌ನಲ್ಲೇ ಟೈಮಿಂಗ್ ಜಾಸ್ತಿ ಕಾಣುತ್ತದೆ. ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಇರುವುದಿಲ್ಲ, ಆ ಡಿಗ್ರಿಗಳೂ ಇರುವುದಿಲ್ಲ. ಡೆಲ್ಕೋ ಕಡೆಯಿಂದ ಪೈಪ್ ಬಿಚ್ಚಿ, ಕಾರ್ಬುರೇಟರ್ ಅಥವಾ ಮ್ಯಾನಿಫೋಲ್ಡ್ ಕಡೆಯ ತುದಿ ಮುಚ್ಚಿ, ಆಮೇಲೆ ನೋಡಿ.

ಪೈಪ್ ಹಾಗೇ ಬಿಚ್ಚಿಟ್ಟು ನಿಧಾನವಾಗಿ 3500ಕ್ಕೆ ಏರಿಸಿ. ಮಾರ್ಕು ಮೆತ್ತಗೆ ಸರಿಯುತ್ತಾ ಹೋಗಬೇಕು. ಅಲ್ಲಾಡದೆ ನಿಂತರೆ ತೂಕಗಳು ಹಳೇ ಗ್ರೀಸಿನಲ್ಲಿ ಸಿಕ್ಕಿಕೊಂಡಿವೆ. ನನ್ನ ಅನುಮಾನ ನಿಮ್ಮ ಗಾಡಿಯಲ್ಲಿ ಇದೇ. ಮೇಲೆ ಟೈಮಿಂಗ್ ಏರದ್ದರಿಂದ ಪಿಕಪ್ ಇಲ್ಲ, ಪಿಕಪ್ಪಿಗಾಗಿ ಯಾರೋ ಡೆಲ್ಕೋವನ್ನೇ ಮುಂದೆ ತಿರುಗಿಸಿದ್ದಾರೆ, ಅದರಿಂದ ಸ್ಟಾರ್ಟ್ ಮಾಡುವಾಗ ಒದೆತ. ಇಂಥ ಕಡೆ ಡೆಲ್ಕೋ ಬಿಚ್ಚಿ, ತೂಕಗಳನ್ನು ತೊಳೆದು, ಹನಿ ಎಣ್ಣೆ ಬಿಟ್ಟು ಹಾಕಿದರೆ ಅರ್ಧ ತೊಂದರೆ ಹೋಗುತ್ತದೆ. ಮಾರ್ಕು ಮುಂದೆ ಹಿಂದೆ ನೆಗೆದಾಡಿದರೆ ಡೆಲ್ಕೋ ಬುಷ್ ಸವೆದಿದೆ, ಅಥವಾ ಬೆಲ್ಟ್ ಸಡಿಲ ಇದೆ. ಡೆಲ್ಕೋಗೆ ಹೋಗುವ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ. ಹಿಡಿತ ನಿಲ್ಲದಿದ್ದರೆ ಡೆಲ್ಕೋದ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಹರಿದಿದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮಾಡಿಫೈ ಮಾಡಿದ ಎಂಜಿನ್ನಿಗೆ ಐಡಲ್ ಟೈಮಿಂಗಿಗಿಂತ ಒಟ್ಟು ಟೈಮಿಂಗ್ ಮುಖ್ಯ. 3500ಕ್ಕೆ, ವ್ಯಾಕ್ಯೂಮ್ ಪೈಪ್ ಬಿಚ್ಚಿ, ಮೊದಲು 28 ಡಿಗ್ರಿಗೆ ಇಡಿ. ಸಿಲಿಂಡರಿಗೆ ಎರಡು ವಾಲ್ವಿನ ಇಂಥ ಎಂಜಿನ್ ಸಾಮಾನ್ಯವಾಗಿ 30ರಿಂದ 35ರ ಒಳಗೆ ಖುಷಿಯಾಗಿ ಓಡುತ್ತದೆ, ಆದರೆ ಕಂಪ್ರೆಷನ್ ಏರಿಸಿದ್ದೀರಿ. ಎರಡೆರಡೇ ಡಿಗ್ರಿ ಏರಿಸಿ ಘಾಟಿಯಲ್ಲಿ ನೋಡಿ. ಡೆಲ್ಕೋ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ಅದನ್ನು 1 ಡಿಗ್ರಿ ತಿರುಗಿಸಿದರೆ ಟೈಮಿಂಗ್ 2 ಡಿಗ್ರಿ ಬದಲಾಗುತ್ತದೆ. ಕೂದಲೆಳೆಯಷ್ಟು ಸರಿಸಿದರೆ ಸಾಕು. ಪಿಕಪ್ ಏರುವುದು ನಿಂತ ಜಾಗದಲ್ಲೇ ನೀವೂ ನಿಲ್ಲಿ. ಇನ್ನೂ ಒತ್ತಬೇಡಿ.

ಕಿವಿಯನ್ನೊಂದೇ ನಂಬಬೇಡಿ. ಜಿಪ್ಸಿಯ ಸದ್ದಿನಲ್ಲಿ ಸಣ್ಣ ನಾಕಿಂಗ್, ಅಂದರೆ ಆ ಟಕಟಕ, ಕೇಳಿಸುವುದೇ ಇಲ್ಲ. ಘಾಟಿ ಹತ್ತಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಸ್ವಲ್ಪ ಆರಿದ ಮೇಲೆ ಪ್ಲಗ್ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂಥ ಕಪ್ಪು ಚುಕ್ಕಿ ಕಂಡರೆ ನಾಕಿಂಗ್ ಆಗುತ್ತಿದೆ. ಬೆಳ್ಳಿಯಂತೆ ಹೊಳೆಯುವ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಗಾಡಿ ಮುಂದೆ ಓಡಿಸಬೇಡಿ.

ಟೈಮಿಂಗ್ ಸರಿ ಇದ್ದೂ ಟಕಟಕ ಉಳಿದರೆ ಮಿಶ್ರಣ ನೋಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನ ಹಳೇ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು) ಬಿಡುವ ಪೆಟ್ರೋಲ್ ಸಾಲುವುದಿಲ್ಲ, ಎಂಜಿನ್ ಕಾಯುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ನೋಡಿ. ಪ್ಲಗ್ ಕೂಡ ಒಂದು ಹೆಜ್ಜೆ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು, ಇರಲಿ. ಎನ್‌ಜಿಕೆ ಪ್ಲಗ್ ಆದರೆ 6ರ ಬದಲು 7. ಕೀ ಆಫ್ ಮಾಡಿದ ಮೇಲೂ ಎಂಜಿನ್ ಗುಡುಗುಡು ಅಂದರೆ ಅದು ಟೈಮಿಂಗ್ ತೊಂದರೆ ಅಲ್ಲ. ಆಗ ಕಿಡಿಯೇ ಇರುವುದಿಲ್ಲ, ಒಳಗೆ ಕಾದ ಕಾರ್ಬನ್ ಅಥವಾ ಪ್ಲಗ್ಗೇ ಬೆಂಕಿ ಹಚ್ಚುತ್ತಿದೆ. ಅಲ್ಲಿ ಡೆಲ್ಕೋ ಮುಟ್ಟದೆ ಐಡಲ್ ಇಳಿಸಿ, ಹೆಡ್ಡಿನ ಕಾರ್ಬನ್ ತೆಗೆಸಿ.