ಗ್ರೌಂಡ್ ಟೆಸ್ಟ್ ಆಯ್ತಾ? ಹೇಗೆ ಮಾಡಿದಿರಿ?

ಹೈ ಪವರ್ ರಾಕೆಟ್, ಅಂದರೆ ಹವ್ಯಾಸಿಗಳು ಕಟ್ಟುವ ದೊಡ್ಡ ರಾಕೆಟ್, ಹಾರಿಸುವ ಮೈದಾನದಲ್ಲಿ ಸೇಫ್ಟಿ ಟೇಬಲ್ ಅಂತ ಒಂದಿರುತ್ತದೆ. ಉಡಾವಣೆಯ ಪ್ಯಾಡಿಗೆ ಹೋಗುವ ಮೊದಲು ಪ್ರತಿ ರಾಕೆಟ್ಟೂ ಅಲ್ಲಿಗೆ ಬರಬೇಕು. ಹಲವು ವರ್ಷಗಳಿಂದ ನಾನು ಆ ಟೇಬಲ್ಲಿನ ಹಿಂದೆ ಕೂರುತ್ತಿದ್ದೇನೆ. ಫಿನ್, ಅಂದರೆ ಬುಡದ ರೆಕ್ಕೆಗಳನ್ನು, ಅಲುಗಾಡಿಸಿ ನೋಡುತ್ತೇನೆ. ತೂಕ ಎಷ್ಟು, ಮೋಟರ್ ಯಾವುದು ಅಂತ ಕೇಳುತ್ತೇನೆ. ಉತ್ತರ ಪಟಪಟ ಬರುತ್ತದೆ. ಆಮೇಲೆ "ಗ್ರೌಂಡ್ ಟೆಸ್ಟ್ ಆಯ್ತಾ?" ಅನ್ನುತ್ತೇನೆ. "ಆಯ್ತು ಸರ್." "ಹೇಗೆ ಮಾಡಿದಿರಿ?" ಇಲ್ಲಿ ಮಾತು ತೊದಲುತ್ತದೆ.

ಗ್ರೌಂಡ್ ಟೆಸ್ಟ್ ಅಂದರೆ ಪ್ಯಾರಾಚೂಟ್ ಸರಿಯಾಗಿ ಹೊರಬರುತ್ತದಾ ಅಂತ ಹಾರಿಸುವ ಮೊದಲು ನೆಲದ ಮೇಲೇ ಮಾಡಿ ನೋಡುವ ಪರೀಕ್ಷೆ. ಈ ಸಲ ಬರೆಯುತ್ತಿರುವುದು ಆ ಎರಡನೇ ಪ್ರಶ್ನೆಯ ಬಗ್ಗೆ ಮಾತ್ರ.

ಉಳಿದದ್ದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಮೋಟರಿನ ಒಟ್ಟು ನೂಕುವಿಕೆಯನ್ನು ಅಕ್ಷರದಲ್ಲಿ ಹೇಳುತ್ತಾರೆ; ಎಚ್ ಮೋಟರ್ ಅಂದರೆ 160ರಿಂದ 320 ನ್ಯೂಟನ್ ಸೆಕೆಂಡ್, ಮುಂದಿನ ಪ್ರತಿ ಅಕ್ಷರಕ್ಕೂ ಅದು ಎರಡರಷ್ಟಾಗುತ್ತದೆ. ರಾಕೆಟ್ಟಿನ ತೂಕ ಮೋಟರಿನ ಸರಾಸರಿ ತಳ್ಳುವ ಬಲದ ಮೂರನೇ ಒಂದು ಭಾಗ ಮೀರಬಾರದು. ಮೋಟರ್ ತುಂಬಿದ ರಾಕೆಟ್ಟಿನ ತೂಕದ ಕೇಂದ್ರ, ಗಾಳಿ ಒತ್ತುವ ಕೇಂದ್ರಕ್ಕಿಂತ ಕನಿಷ್ಠ ಒಂದು ಕೊಳವೆ ವ್ಯಾಸದಷ್ಟು ಮುಂದಿರಬೇಕು. ಇಲ್ಲೆಲ್ಲ ತಪ್ಪುವವರು ಈಗ ಕಡಿಮೆ. ಸಾಂಪೋ ನಿಸ್ಕಾನೆನ್ 2009ರಲ್ಲಿ ತಮ್ಮ ಪದವಿ ಪ್ರಬಂಧದ ಕೆಲಸವಾಗಿ ಬರೆದ ಓಪನ್‌ರಾಕೆಟ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ರಾಕೆಟ್ ಅಸ್ಥಿರವಾಗಿದ್ದರೆ ಅದೇ ಹೇಳಿಬಿಡುತ್ತದೆ. ಆದರೆ ನೀವು ಪ್ಯಾರಾಚೂಟನ್ನು ಎಷ್ಟು ಬಿಗಿಯಾಗಿ ಮಡಚಿ ತುರುಕಿದ್ದೀರಿ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಗ್ರೌಂಡ್ ಟೆಸ್ಟಿನಲ್ಲಿ ಮಾತ್ರ.

ಮೇಲಕ್ಕೆ ಹೋದ ರಾಕೆಟ್ ತನ್ನ ಎತ್ತರದ ತುದಿ ಮುಟ್ಟಿದಾಗ ಒಳಗಿನ ಆಲ್ಟಿಮೀಟರ್, ಅಂದರೆ ಎತ್ತರ ಅಳೆಯುವ ಉಪಕರಣ, ಒಂದು ಸಣ್ಣ ಚಾರ್ಜ್ ಹೊತ್ತಿಸುತ್ತದೆ. ಚಿಕ್ಕ ಮೋಟರುಗಳಲ್ಲಿ ಈ ಕೆಲಸ ಮೋಟರಿನದೇ. ಚಾರ್ಜಿನಲ್ಲಿರುವುದು ಬ್ಲ್ಯಾಕ್ ಪೌಡರ್, ಅಂದರೆ ಕರಿ ಮದ್ದು. ಅದು ಉರಿದು ಅನಿಲವಾಗುತ್ತದೆ, ಮೂತಿಯ ಮುಚ್ಚಳವಾದ ನೋಸ್ ಕೋನ್ ಕಳಚಿಕೊಂಡು ಪ್ಯಾರಾಚೂಟ್ ಹೊರಬರುತ್ತದೆ. ಇಲ್ಲೇ ಎಲ್ಲರೂ ಎಡವುತ್ತಾರೆ. ಮದ್ದು ಸಿಡಿದು ನೋಸ್ ಕೋನನ್ನು ಹೊಡೆದು ಹಾರಿಸುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಲ್ಲಿ ಕೆಲಸ ಮಾಡುವುದು ಒತ್ತಡ. ಸೈಕಲ್ ಪಂಪಿನ ಬಾಯಿ ಮುಚ್ಚಿ ಹಿಡಿ ಒತ್ತಿದರೆ ಬೆರಳಿಗೆ ಏನು ತಟ್ಟುತ್ತದೋ ಅದೇ. ಕೊಳವೆಯೊಳಗಿನ ಜಾಗವೆಲ್ಲ ಅನಿಲದಿಂದ ತುಂಬಬೇಕು, ಒತ್ತಡ ಏರಬೇಕು, ಆ ಒತ್ತಡ ನೋಸ್ ಕೋನಿನ ತಳವನ್ನು ತಳ್ಳಬೇಕು.

ಲೆಕ್ಕ ಮಾಡಿ ನೋಡಿ. ಹೊರಗಿನ ಗಾಳಿಗಿಂತ 70 ಕಿಲೋಪಾಸ್ಕಲ್ ಹೆಚ್ಚು ಒತ್ತಡ ಒಳಗೆ ಬಂತು ಅಂದುಕೊಳ್ಳೋಣ. 100 ಮಿ.ಮೀ. ಅಗಲದ ಕೊಳವೆಯಲ್ಲಿ ಅದು ಸುಮಾರು 550 ನ್ಯೂಟನ್ ತಳ್ಳುತ್ತದೆ. ಅಂದರೆ 56 ಕಿಲೋ ಭಾರದಷ್ಟು. 54 ಮಿ.ಮೀ. ಕೊಳವೆಯಲ್ಲಿ ಅದೇ ಒತ್ತಡಕ್ಕೆ ಸಿಗುವುದು 160 ನ್ಯೂಟನ್, ಬರೀ 16 ಕಿಲೋ ಭಾರ. "ಸಣ್ಣ ರಾಕೆಟ್, ಸ್ವಲ್ಪ ಮದ್ದು ಸಾಕು ಬಿಡಿ" ಅನ್ನುವವರು ಇದನ್ನು ಒಮ್ಮೆ ಕೂತು ಲೆಕ್ಕ ಹಾಕಬೇಕು. ಇನ್ನು ಕೊಳವೆ ಎರಡರಷ್ಟು ಉದ್ದವಾದರೆ ಅದೇ ಒತ್ತಡಕ್ಕೆ ಮದ್ದೂ ಎರಡರಷ್ಟು ಬೇಕು. ಒಳಗಿನ ಜಾಗ ಬದಲಾದರೆ ಎಲ್ಲವೂ ಬದಲಾಯಿತು.

ಇದು ತಳ್ಳುವ ಕಡೆಯ ಲೆಕ್ಕ. ತಡೆಯುವ ಕಡೆಯ ಲೆಕ್ಕ ಯಾವ ಸೂತ್ರದಲ್ಲೂ ಇಲ್ಲ. ನೋಸ್ ಕೋನ್ ಎಷ್ಟು ಬಿಗಿ ಕೂತಿದೆ? ಅದಕ್ಕೆ ಎಷ್ಟು ಸುತ್ತು ಟೇಪ್ ಹಾಕಿದ್ದೀರಿ? ರಟ್ಟಿನ ಕೊಳವೆಯಾದರೆ ತೇವಕ್ಕೆ ಉಬ್ಬಿದೆಯಾ? ನೋಸ್ ಕೋನನ್ನು ಹಿಡಿದಿಟ್ಟು, ಒತ್ತಡ ಬಂದಾಗ ತುಂಡಾಗುವ ಶಿಯರ್ ಪಿನ್ ಎಷ್ಟು ಹಾಕಿದ್ದೀರಿ? ಪ್ಯಾರಾಚೂಟ್ ಸಡಿಲವಾಗಿ ಮಲಗಿದೆಯಾ, ಸೀಸೆಯ ಬಿರಡೆ ಥರ ಗಟ್ಟಿಯಾಗಿ ಕೂತಿದೆಯಾ? ಇದಕ್ಕೆಲ್ಲ ಕ್ಯಾಲ್ಕುಲೇಟರ್ ಉತ್ತರ ಕೊಡುವುದಿಲ್ಲ. ಅದು ಕೊಡುವುದು ಎಲ್ಲಿಂದ ಶುರು ಮಾಡಬೇಕು ಅನ್ನುವ ಒಂದು ಸಂಖ್ಯೆ, ಅಷ್ಟೇ. ಅದನ್ನೇ ಕೊನೆಯ ಉತ್ತರ ಅಂತ ಹಿಡಿದುಕೊಂಡು ಬರುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಒಬ್ಬ ಹುಡುಗ ಇದ್ದ. ಎಂಜಿನಿಯರಿಂಗ್ ಓದುತ್ತಿದ್ದ, ಕೈ ಕೆಲಸ ಬಹಳ ಚೊಕ್ಕ. ಜೆ ಮೋಟರಿನ ರಾಕೆಟ್ ತಂದಿದ್ದ. ಫಿನ್ ಬುಡದ ಎಪಾಕ್ಸಿ ಕನ್ನಡಿಯ ಹಾಗೆ ನುಣುಪಾಗಿತ್ತು. ಗ್ರೌಂಡ್ ಟೆಸ್ಟ್ ಆಯ್ತಾ ಅಂದೆ, ಆಯ್ತು ಅಂದ. ಆ ದಿನ ಟೇಬಲ್ಲಿನ ಮುಂದೆ ಸಾಲು ಉದ್ದ ಇತ್ತು. ಎರಡನೇ ಪ್ರಶ್ನೆ ಕೇಳದೆ ಹಾರಾಟದ ಚೀಟಿಗೆ ಸಹಿ ಹಾಕಿದೆ.

ರಾಕೆಟ್ ನೆಟ್ಟಗೆ ಹೋಯಿತು. ತುದಿಯಲ್ಲಿ ಬಿಳಿ ಹೊಗೆ ಕಾಣಿಸಿತು, ಸ್ವಲ್ಪ ಹೊತ್ತಿಗೆ ಟಪ್ ಅಂತ ಸದ್ದೂ ಕೇಳಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಮೂತಿ ಕೆಳಗೆ ಮಾಡಿಕೊಂಡು ಬರುತ್ತಿದೆ. ಪ್ಯಾರಾಚೂಟ್ ಇಲ್ಲ. ಹೀಗೆ ಬೀಳುವ ರಾಕೆಟ್ ಗಂಟೆಗೆ 300 ಕಿ.ಮೀ. ವೇಗ ದಾಟುವುದು ಕಷ್ಟವೇನಲ್ಲ. ನಾನು ಮೈಕಿನಲ್ಲಿ ಕೂಗಿದೆ, ಜನ ಎದ್ದು ನಿಂತು ತಲೆ ಎತ್ತಿ ನೋಡಿದರು. ಪ್ಯಾಡುಗಳ ಆಚೆ, ಯಾರೂ ಇಲ್ಲದ ಕಡೆ, ಫಿನ್‌ವರೆಗೂ ಮಣ್ಣಿನಲ್ಲಿ ಹೂತುಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ತುಂಬಾ ಹೊತ್ತು ನಡುಗುತ್ತಿತ್ತು.

ಅಗೆದು ತೆಗೆದಾಗ ಮೂರು ಪಿನ್‌ಗಳಲ್ಲಿ ಎರಡು ತುಂಡಾಗಿದ್ದವು, ಒಂದು ಹಿಡಿದುಕೊಂಡಿತ್ತು. ನೋಸ್ ಕೋನ್ ಸ್ವಲ್ಪ ಓರೆಯಾಗಿದೆ, ಆ ಸಂದಿಯಲ್ಲಿ ಅನಿಲವೆಲ್ಲ ಸೋರಿ ಹೋಗಿದೆ. "ಟೆಸ್ಟ್ ಮಾಡಿದ್ದೆ ಅಂದೆಯಲ್ಲಪ್ಪಾ?" ಅಂದೆ. ಮಾಡಿದ್ದ, ಸುಳ್ಳು ಹೇಳಿರಲಿಲ್ಲ. ಆದರೆ ಟೆಸ್ಟ್ ದಿನ ಪಿನ್ ಇರಲಿಲ್ಲ. ಪ್ಯಾರಾಚೂಟ್ ಸಡಿಲವಾಗಿ ಮಡಚಿದ್ದ. ಆಮೇಲೆ ಯಾರೋ ಹೇಳಿದರು ಅಂತ ಪಿನ್ ಹಾಕಿದ, ನೋಸ್ ಕೋನನ್ನು ಕೊಳವೆಗೆ ಕಟ್ಟುವ ಹಗ್ಗ, ಅಂದರೆ ಶಾಕ್ ಕಾರ್ಡ್, ಉದ್ದ ಮಾಡಿದ, ಬಟ್ಟೆ ಸುಡದಿರಲಿ ಅಂತ ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆಯ ದೊಡ್ಡ ಹೊದಿಕೆ ಸೇರಿಸಿದ. ಒಂದೊಂದೂ ಒಳ್ಳೆಯ ಸಲಹೆಯೇ. ಆದರೆ ಅವನು ಟೆಸ್ಟ್ ಮಾಡಿದ್ದು ಒಂದು ರಾಕೆಟ್ಟನ್ನು, ಹಾರಿಸಿದ್ದು ಇನ್ನೊಂದನ್ನು.

ಹಾಗಂತ ಪಿನ್ ಬೇಡ ಅನ್ನುತ್ತಿಲ್ಲ. ಸಾವಿರ ಮೀಟರ್ ಮೇಲೆ ಹೊರಗಿನ ಗಾಳಿಯ ಒತ್ತಡ ಸುಮಾರು 11 ಕಿಲೋಪಾಸ್ಕಲ್ ಕಡಿಮೆ ಇರುತ್ತದೆ. ಪ್ಯಾರಾಚೂಟ್ ಇರುವ ಭಾಗಕ್ಕೆ ಗಾಳಿ ಹೋಗಲು ಸಣ್ಣ ತೂತು ಇಲ್ಲದಿದ್ದರೆ, ಒಳಗೆ ಉಳಿದ ಗಾಳಿಯೇ 100 ಮಿ.ಮೀ. ನೋಸ್ ಕೋನನ್ನು 9 ಕಿಲೋ ಭಾರದಷ್ಟು ತಳ್ಳುತ್ತದೆ. ಮೋಟರ್ ಉರಿದು ಮುಗಿದ ಕ್ಷಣ ಫಿನ್ ಇರುವ ಹಿಂಭಾಗವನ್ನು ಗಾಳಿ ಹೆಚ್ಚು ತಡೆಯುತ್ತದೆ, ಭಾರದ ಮುಂಭಾಗ ಬಿಟ್ಟು ಹೋಗಲು ನೋಡುತ್ತದೆ. ಪಿನ್ ಇಲ್ಲದಿದ್ದರೆ ಪೂರ್ತಿ ವೇಗದಲ್ಲೇ ರಾಕೆಟ್ ಎರಡಾಗಬಹುದು. ಆದ್ದರಿಂದ ತೂತು ಕೊರೆಯಿರಿ, ಪಿನ್ ಹಾಕಿ. ಹಾಕಿದ ಮೇಲೆ ಮತ್ತೆ ಟೆಸ್ಟ್ ಮಾಡಿ. ಹೊಸ ಪ್ಯಾರಾಚೂಟಾ? ಮತ್ತೆ ಟೆಸ್ಟ್. ಬೇರೆ ನೋಸ್ ಕೋನಾ? ಮತ್ತೆ ಟೆಸ್ಟ್. ಬಣ್ಣ ಬಳಿದಾಗ ಸ್ವಲ್ಪ ಒಳಗೂ ಹೋಯಿತಾ? ಹೌದು, ಅದಕ್ಕೂ.

ಟೆಸ್ಟಿನಲ್ಲಿ ಹಾರುವ ದಿನ ಇರುವುದೆಲ್ಲ ಇರಬೇಕು. ಅದೇ ಮಡಿಕೆ, ಅದೇ ಕಾರ್ಡ್, ಅದೇ ಹೊದಿಕೆ, ಹೊಸ ಪಿನ್. ಆಲ್ಟಿಮೀಟರ್ ಹೊರಗಿಟ್ಟು ಉದ್ದನೆಯ ತಂತಿ ಎಳೆದುಕೊಂಡು ದೂರದಿಂದ ಹೊತ್ತಿಸುವುದು ವಾಡಿಕೆ. ಆಲ್ಟಿಮೀಟರ್ ತೆಗೆದ ಕಡೆ ಅನಿಲ ಸೋರುವ ದಾರಿ ಉಳಿಸಬೇಡಿ, ಟೆಸ್ಟ್ ಸುಳ್ಳು ಹೇಳುತ್ತದೆ. ರಾಕೆಟ್ಟಿನ ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು, ಕಣ್ಣಿಗೆ ಕನ್ನಡಕ ಇರಲಿ, ಬ್ಯಾಟರಿ ಕೊನೆಗೆ ಜೋಡಿಸಿ. ಮದ್ದಿನ ಪ್ರಮಾಣ ನಾನು ಬೇಕೆಂದೇ ಇಲ್ಲಿ ಬರೆದಿಲ್ಲ. ನಿಮ್ಮ ರಾಕೆಟ್ಟನ್ನು ಕಣ್ಣಾರೆ ನೋಡದೆ ಅದನ್ನು ಹೇಳುವುದು ಸರಿಯಲ್ಲ. ಅನುಭವ ಇರುವ, ಸರ್ಟಿಫಿಕೇಟ್ ಇರುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮೊದಲ ಟೆಸ್ಟ್ ಮಾಡಿ. ಮೋಟರಿಗೂ ಮದ್ದಿಗೂ ನೀವಿರುವ ಕಡೆ ಯಾವ ಅನುಮತಿ ಬೇಕೋ ಅದನ್ನು ಮೊದಲೇ ಪಡೆಯಿರಿ.

ಇನ್ನು, ಟೆಸ್ಟ್ ಪಾಸಾಯಿತು ಅಂತ ಯಾವಾಗ ಹೇಳಬೇಕು? ನೋಸ್ ಕೋನ್ ಹೊರಗೆ ಬಂತು, ಸಾಕು ಅನ್ನುತ್ತಾರೆ. ಸಾಲದು. ಪ್ಯಾರಾಚೂಟ್ ಪೂರ್ತಿ ಕೊಳವೆಯ ಹೊರಗೆ ಬಿದ್ದಿರಬೇಕು, ಕಾರ್ಡ್ ಹೆಚ್ಚುಕಡಿಮೆ ಪೂರ್ತಿ ಚಾಚಿಕೊಂಡಿರಬೇಕು. ನೋಸ್ ಕೋನ್ ಅರ್ಧ ಮೀಟರ್ ದೂರದಲ್ಲಿ ಬಿದ್ದು ಪ್ಯಾರಾಚೂಟ್ ಒಳಗೇ ಇಣುಕುತ್ತಿದ್ದರೆ ಅದು ಫೇಲ್. ಕಾರ್ಡ್ ಪೂರ್ತಿ ಎಳೆದು, ಅದನ್ನು ಕಟ್ಟಿದ ಐ ಬೋಲ್ಟ್ ಅಲುಗಿ, ನೋಸ್ ಕೋನ್ ವಾಪಸ್ ಪುಟಿದು ಬಂದರೆ ಮದ್ದು ಜಾಸ್ತಿಯಾಗಿದೆ, ಅದೂ ಸರಿಯಲ್ಲ. ಸಂಶಯ ಬಂದರೆ ಇನ್ನೊಮ್ಮೆ ಮಾಡಿ. ಒಂದೇ ಸಲ ಸರಿ ಬಂದದ್ದನ್ನು ನಾನು ಪೂರ್ತಿ ನಂಬುವುದಿಲ್ಲ.

ಒಬ್ಬ ತಂದೆ, ಮಗಳು ಬರುತ್ತಾರೆ. ಮಗಳು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. ಪ್ರತಿ ಟೆಸ್ಟಿನ ಮಡಿಕೆಯ ಚಿತ್ರ ಬರೆದು, ಪಕ್ಕದಲ್ಲಿ ಕಾರ್ಡ್ ಎಷ್ಟು ಚಾಚಿತು ಅಂತ ಅಳತೆ ಹಾಕುತ್ತಾಳೆ. ಮೊದಲ ಎರಡು ಪುಟದಲ್ಲಿ ದೊಡ್ಡದಾಗಿ 'ಫೇಲ್' ಅಂತ ಬರೆದಿದ್ದನ್ನು ನನಗೆ ಖುಷಿಯಿಂದ ತೋರಿಸಿದಳು. ಆ ಪುಟಗಳನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಫಿನ್ ಅಲುಗಾಡಿಸಿ ನೋಡುವುದನ್ನೇ ಮರೆತಿದ್ದೆ. ಆಮೇಲೆ ನೆನಪಾಗಿ ನೋಡಿದೆ, ಗಟ್ಟಿಯಾಗಿದ್ದವು.

ಅಮೆರಿಕದ ಹವ್ಯಾಸಿ ರಾಕೆಟ್ ಸಂಘಗಳಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಆಗಲಿ, ಟ್ರಿಪೊಲಿ ಆಗಲಿ, ಹೈ ಪವರ್ ರಾಕೆಟ್ಟಿನ ಮೊದಲ ಹಂತದ ಲೆವೆಲ್ 1 ಸರ್ಟಿಫಿಕೇಟ್ ಕೊಡುವುದು ಎಷ್ಟು ಎತ್ತರ ಹೋಯಿತು ಅಂತ ನೋಡಿ ಅಲ್ಲ. ಪ್ಯಾರಾಚೂಟ್ ಬಿಚ್ಚಿಕೊಂಡು, ಮತ್ತೆ ಹಾರಿಸಬಹುದಾದ ಸ್ಥಿತಿಯಲ್ಲಿ ರಾಕೆಟ್ ವಾಪಸ್ ಬಂತೇ ಅಂತ ನೋಡುತ್ತಾರೆ. ಆದರೂ ಹೊಸಬರು ನನ್ನನ್ನು ಕೇಳುವುದು ಇನ್ನೂ ದೊಡ್ಡ ಮೋಟರ್ ಯಾವಾಗ ಹಾಕಬಹುದು ಅಂತಲೇ.

ಆ ಎಂಜಿನಿಯರಿಂಗ್ ಹುಡುಗ ಕೆಲವು ತಿಂಗಳಾದ ಮೇಲೆ ಹೊಸ ರಾಕೆಟ್ ಹಿಡಿದುಕೊಂಡು ಮತ್ತೆ ಬಂದ. ಗಾಳಿ ಇರಲಿಲ್ಲ, ಆಕಾಶ ತಿಳಿಯಾಗಿತ್ತು, ಸಾಲೂ ಚಿಕ್ಕದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ. "ಸರ್, ಟೆಸ್ಟ್ ಮೂರು ಸಲ ಮಾಡಿದ್ದೀನಿ, ವಿಡಿಯೋ ಇದೆ. ಆದರೆ ನಿನ್ನೆ ರಾತ್ರಿ ಕಾರ್ಡ್ ಬದಲಾಯಿಸಿದೆ, ಹಳೆಯದು ಸ್ವಲ್ಪ ಸುಟ್ಟಿತ್ತು. ಇವತ್ತು ಹಾರಿಸಲ್ಲ. ಅಲ್ಲಿ ಮೂಲೆಯಲ್ಲಿ ಒಂದು ಟೆಸ್ಟ್ ಮಾಡಿಕೊಳ್ಳಲಾ?"

ಟೇಬಲ್ಲನ್ನು ಇನ್ನೊಬ್ಬರಿಗೆ ಒಪ್ಪಿಸಿ, ತಂತಿಯ ಸುರುಳಿ ಎತ್ತಿಕೊಂಡು ಅವನ ಜೊತೆ ಹೋದೆ.