ಆರು, ಎಂಟು, ಹತ್ತರ ಲೆಕ್ಕ

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಂದಿನ ಕಾರಿನಿಂದ ಒಂದು ಮಾರು ಹಿಂದೆ ನಿಂತು ನೋಡಿ. ಆಟೊವೊಂದು ಮುಂಚಕ್ರ ತೂರಿಸುತ್ತದೆ, ಅದರ ಬೆನ್ನಿಗೇ ಎರಡು ಸ್ಕೂಟರು. ಇಲ್ಲಿ ಕಾರು ಕಲಿತವರಿಗೆ ಜಾಗ ಬಿಡುವುದೆಂದರೆ ಸೋತಂತೆಯೇ. ತೆವಳುವ ವೇಗದಲ್ಲಿ ಈ ಹಟದಿಂದ ಬಂಪರಿಗೆ ಗೀರು ಬಿದ್ದೀತು, ಅಷ್ಟೆ. ಅದೇ ಕಣ್ಣಳತೆಯನ್ನು ಕೆಂಗೇರಿ ದಾಟಿಸಿ ಮೈಸೂರು ಹೆದ್ದಾರಿಗೂ ಒಯ್ಯುತ್ತೇವಲ್ಲ, ಅಪಾಯ ಇರುವುದು ಅಲ್ಲಿ.

ಗಂಟೆಗೆ 20 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. 100ರಲ್ಲಿ ಸುಮಾರು 28 ಮೀಟರ್. ಮುಂದಿನ ಗಾಡಿಯ ಕೆಂಪು ದೀಪ ಕಂಡು ನಮ್ಮ ಕಾಲು ಬ್ರೇಕ್ ತುಳಿಯುವಷ್ಟರಲ್ಲಿ ಒಂದೂವರೆ ಸೆಕೆಂಡು ಹೋಯಿತೆಂದುಕೊಳ್ಳಿ. ಬ್ರೇಕ್ ತಾಗುವ ಮೊದಲೇ ನಲವತ್ತು ಮೀಟರ್ ಕಳೆಯಿತು. ಒಣ ಡಾಂಬರಿನ ಮೇಲೆ ನಿಲ್ಲಲು ಮತ್ತೆ ಐವತ್ತರ ಆಸುಪಾಸು ಬೇಕು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೇಗ ಐದು ಪಟ್ಟಾದರೆ ಬ್ರೇಕಿನ ದೂರ ಇಪ್ಪತ್ತೈದು ಪಟ್ಟು.

"ಎಂಬತ್ತಕ್ಕೂ ನೂರಕ್ಕೂ ಏನು ಮಹಾ ವ್ಯತ್ಯಾಸ?" ಎಂದು ಬಿಡದಿ ದಾಟುವಾಗ ಭಾವ ಕೇಳಿದ್ದರು. ಒಂದೇ ಬಗೆಯ ಎರಡು ಕಾರುಗಳು ಅಕ್ಕಪಕ್ಕ ಹೋಗುತ್ತಿವೆ, ಒಂದು 80ರಲ್ಲಿ, ಇನ್ನೊಂದು 100ರಲ್ಲಿ. ಎರಡೂ ಒಂದೇ ಜಾಗದಲ್ಲಿ ಬ್ರೇಕ್ ಹಾಕಿದವು. ಮೊದಲನೆಯದು ಕೆಟ್ಟು ನಿಂತ ಲಾರಿಗೆ ಕೂದಲೆಳೆ ದೂರದಲ್ಲಿ ನಿಂತಿತು. ಎರಡನೆಯದು ಆ ಲಾರಿಗೆ ಗುದ್ದುವುದು 60ರ ವೇಗದಲ್ಲಿ! ಹತ್ತರ ವರ್ಗದಲ್ಲಿ ಎಂಟರ ವರ್ಗ ಕಳೆದರೆ ಉಳಿಯುವುದು ಆರರ ವರ್ಗ; ಶಾಲೆಯಲ್ಲಿ ಲಂಬಕೋನ ತ್ರಿಭುಜಕ್ಕೆ ಉರುಹೊಡೆದ ಲೆಕ್ಕವೇ ಇದು. ಭಾವ ಉತ್ತರ ಕೊಡಲಿಲ್ಲ. ಮುಳ್ಳು ಮಾತ್ರ ತೊಂಬತ್ತಕ್ಕೆ ಇಳಿಯಿತು.

ಮೊದಲ ಮಳೆ ಬಿದ್ದಾಗ ಈ ಲೆಕ್ಕವೂ ಕೆಡುತ್ತದೆ. ಬೇಸಗೆಯಿಡೀ ರಸ್ತೆಗೆ ಅಂಟಿದ ಎಣ್ಣೆ, ಧೂಳು ನೀರಿಗೆ ಕಲಸಿ ಜಾರುಬಂಡೆಯಾಗುತ್ತದೆ.

ಟೇಪು ಹಿಡಿಯದೆ ದೂರ ಅಳೆಯುವ ಉಪಾಯವಿದೆ. ಮುಂದಿನ ವಾಹನ ಒಂದು ಫಲಕ ದಾಟಿದೊಡನೆ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಎಂದು ಎಣಿಸಬೇಕು. ಅಷ್ಟು ಮುಗಿದ ಮೇಲೆಯೇ ನಾವು ಆ ಫಲಕ ಮುಟ್ಟಬೇಕು. ಮಳೆಯಲ್ಲಿ ಆರರವರೆಗೆ. ಜಾಗ ಬಿಟ್ಟರೆ ಆಟೊ ತೂರುತ್ತದೆಂಬ ನೆಪವೂ ಅಲ್ಲಿ ನಡೆಯದು: 2023ರ ಆಗಸ್ಟ್‌ನಿಂದ ಆ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಆಟೊ, ಬೈಕುಗಳಿಗೆ ಪ್ರವೇಶವಿಲ್ಲ. ರಾಮನಗರದ ಫಲಕ ಕಂಡಾಗ ಭಾವನ ಪಕ್ಕದಲ್ಲಿ ಕುಳಿತೇ ಎಣಿಸತೊಡಗಿದೆ. "ಸಾವಿರದ ಒಂ..." ಎನ್ನುವಷ್ಟರಲ್ಲಿ ಫಲಕ ಹಿಂದಾಗಿತ್ತು.