ತಾತನ ಹೆರಾಲ್ಡ್ ಕಾರನ್ನು ಹಾಟ್ ರಾಡ್ ಮಾಡಿಸಬಹುದಾ?

ಪ್ರಶ್ನೆ: ತಾತ 1965ರಲ್ಲಿ ಕೊಂಡ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಮಂಡ್ಯದ ನಮ್ಮ ಮನೆ ಶೆಡ್ಡಿನಲ್ಲಿ ನಿಂತಿದೆ. ಮಡ್‌ಗಾರ್ಡ್ ಕತ್ತರಿಸಿ, ದೊಡ್ಡ ಇಂಜಿನ್ ಕೂರಿಸಿ ಹಾಟ್ ರಾಡ್ ಮಾಡಿಸಬೇಕು ಅಂತ ಆಸೆ. ಮಾಡಿಸಬಹುದಾ?

ಉತ್ತರ: ಆ ರೂಪ ಕೊಡಿಸಬಹುದು. ಆದರೆ ಬೋಲ್ಟ್ ಬಿಚ್ಚಿ ಮಾಡುವಷ್ಟು ಮಾತ್ರ ಮಾಡಿಸಿ. ಗ್ಯಾಸ್ ಕಟ್ಟರ್ ಹತ್ತಿರಕ್ಕೂ ಬರಬಾರದು.

ಹಾಟ್ ರಾಡ್ ಅಂದರೆ ವೇಗಕ್ಕಾಗಿ ಬದಲಿಸಿದ ಹಳೇ ಕಾರು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್‌ಗಳ ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಎಂಟು ಸಿಲಿಂಡರಿನ ಇಂಜಿನ್ ಇದ್ದ ಫೋರ್ಡ್ ವಿ8 ಬಂದ ಮೇಲೆ ಅದೇ ಎಲ್ಲರ ಅಚ್ಚುಮೆಚ್ಚು. ಅವರಿಗೆ ಒಂದು ಕೆಟ್ಟರೆ ಇನ್ನೊಂದು ಅಗ್ಗಕ್ಕೆ ಸಿಗುತ್ತಿತ್ತು. ಮದ್ರಾಸಿನಲ್ಲಿ ತಯಾರಾದ ಹೆರಾಲ್ಡ್ ಈಗ ಎಲ್ಲಿ ಸಿಗುತ್ತೆ ಹೇಳಿ?

ನಿಮ್ಮ ಅದೃಷ್ಟಕ್ಕೆ, ಹೆರಾಲ್ಡ್ ಬಿಚ್ಚಿ ಜೋಡಿಸೋಕೆ ಹೇಳಿ ಮಾಡಿಸಿದ ಕಾರು. ಚಾಸಿ (ಅಡಿಯ ಚೌಕಟ್ಟು) ಬೇರೆ, ಬಾಡಿ ಬೇರೆ. ಬಾಡಿಯೂ ಬೋಲ್ಟ್ ಹಾಕಿ ಜೋಡಿಸಿದ ತುಂಡುಗಳು. ಎರಡೂ ಪಕ್ಕದ ಕೊಂಡಿ ತೆಗೆದು ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತೆ. ಮೆಕ್ಯಾನಿಕ್ ಮುಂದಿನ ಟೈರ್ ಮೇಲೆ ಆರಾಮಾಗಿ ಕೂತು ಕೆಲಸ ಮಾಡಬಹುದು. ಇದೇ ಚಾಸಿಯನ್ನು ಮೊಟಕು ಮಾಡಿ, ಹೆರಾಲ್ಡನ್ನು ಮೂಲದಲ್ಲಿ ತಯಾರಿಸಿದ ಇಂಗ್ಲೆಂಡಿನ ಟ್ರಯಂಫ್ ಕಂಪನಿ 1962ರಲ್ಲಿ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ತಂದಿತು. ಹಾಗಾಗಿ ನಿಮ್ಮ ಆಸೆ ಅಸಂಬದ್ಧ ಅಲ್ಲವೇ ಅಲ್ಲ.

ದೊಡ್ಡ ಇಂಜಿನ್ ಮಾತ್ರ ಬೇಡ. ಹೆರಾಲ್ಡ್‌ನ ಹಿಂದಿನ ಆಕ್ಸಲ್ ಹೇಗಿದೆ ಅಂದರೆ, ತಿರುವಿನಲ್ಲಿ ಜೋರಾಗಿ ಹೋಗಿ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಚಕ್ರ ಒಳಕ್ಕೆ ಮಡಚಿಕೊಂಡು ಹಿಡಿತ ತಪ್ಪುತ್ತೆ. ಚಾಮುಂಡಿ ಬೆಟ್ಟ ಇಳಿಯುವಾಗ ಹೀಗಾದರೆ? ಅದೇ ಇಳಿಜಾರಿನಲ್ಲಿ ಹಳೇ ಡ್ರಮ್ ಬ್ರೇಕ್ ಕಾದು ಹಿಡಿಯದೇ ಹೋಗಬಹುದು. ಮೊದಲ ದುಡ್ಡು ಬ್ರೇಕಿಗೆ ಹಾಕಿ.

ಕಾನೂನೂ ಇದನ್ನೇ ಹೇಳುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಬದಲಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಬಣ್ಣ ಬದಲಿಸೋದಾದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿ.

ಇನ್ನೊಂದು ಮಾತು. 2021ರ ನಿಯಮದಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತೆ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತೆ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲದಲ್ಲಿ ಇದ್ದ ಹಾಗೇ ಇರಬೇಕು. ತಾತನ ಕಾರಿಗೆ ಈಗ ಆ ವಯಸ್ಸಾಗಿದೆ. ಒಂದು ಮಡ್‌ಗಾರ್ಡ್ ಕತ್ತರಿಸಿದರೆ ಆ ದಾರಿ ಮುಚ್ಚಿತು. ನನಗಂತೂ ಇದೇ ಜಾಸ್ತಿ ಹೊಟ್ಟೆ ಉರಿಸುವ ನಷ್ಟ.

ಹಾಗಾದರೆ ಏನು ಮಾಡಿಸಬಹುದು? ಕಡುಗೆಂಪು ಬಣ್ಣ, ಬಂಪರ್ ಮತ್ತು ಗ್ರಿಲ್‌ಗೆ ಹೊಸ ಕ್ರೋಮ್, ಒಳಗೆ ಹೊಲಿಗೆ ಹಾಕಿದ ಒಳ್ಳೆ ಸೀಟು. ಬಿಚ್ಚಿದ್ದನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಚೀಟಿ ಅಂಟಿಸಿ, ಅಟ್ಟದ ಮೇಲಿಡಿ.

ಈ ಭಾನುವಾರ ಒಂದು ಸಣ್ಣ ಅಯಸ್ಕಾಂತ ತಗೊಂಡು, ತೆಳು ಬಟ್ಟೆ ಸುತ್ತಿ, ಬಾಡಿ ಪೂರ್ತಿ ಆಡಿಸಿ. ಅದು ಹಿಡಿಯದ ಕಡೆ ಒಳಗಿರೋದು ತಗಡಲ್ಲ, ಪುಟ್ಟಿ. ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟಿಂಕರಿಂಗ್ ಅವರನ್ನು ಕರೆಸಿ ಮೊದಲು ಆ ಗುರುತುಗಳನ್ನೇ ತೋರಿಸಿ.